ಪೇಟೆಯ ನಾಡಿ ಹಿಡಿದ ಚಾರ್ಲ್ಸ್ ಡೌ

ವೃತ್ತಪತ್ರಿಕೆಗಳ ವಾಣಿಜ್ಯ ಪುಟವನ್ನು ನೋಡುವ ಅಭ್ಯಾಸವುಳ್ಳವರಿಗೆ ಡೌ ಜೋನ್ಸ್ ಎಂಬ ಜೋಡಿ ಹೆಸರು ಹೊಸದಲ್ಲ. ಡೌ ಇಂದು ಇಷ್ಟು ಅಂಶ ಏರಿತು, ಇಷ್ಟು ಅಂಶ ಇಳಿಯಿತು ಎಂದು ದಿನವೂ ಅಚ್ಚಾಗುತ್ತದೆ. ಆದರೆ ಡೌ ಎಂಬುದು ಒಬ್ಬ ಮನುಷ್ಯನ ಹೆಸರೆಂದೂ, ಆತನು ರೈತನ ಮಗನಾಗಿ ಹುಟ್ಟಿ, ಕಾಲೇಜಿನ ಮೆಟ್ಟಿಲನ್ನೇ ಹತ್ತದೆ, ಐವತ್ತೊಂದನೆಯ ವಯಸ್ಸಿಗೇ ತೀರಿಕೊಂಡ ಒಬ್ಬ ಪತ್ರಿಕಾ ಬರಹಗಾರನೆಂದೂ ಬಲ್ಲವರು ಕಡಮೆ. ತರಗತಿಯ ಮಿತ್ರರನ್ನು ವಿಚಾರಿಸಿದೆ. ಒಬ್ಬರು ಅದೊಂದು ಬ್ಯಾಂಕೆಂದರು. ಇನ್ನೊಬ್ಬರು ರಾಸಾಯನಿಕ ವಸ್ತುಗಳ ಕಂಪೆನಿಯೆಂದರು. ಆ ಹೆಸರಿನ ರಾಸಾಯನಿಕ ಕಂಪೆನಿಯೊಂದು ಇರುವುದು ನಿಜವೇ, ಆದರೆ ಅದರ ಸ್ಥಾಪಕನಾದ ಡೌ ಬೇರೆ, ನಮ್ಮ ಕಥಾನಾಯಕನಾದ ಡೌ ಬೇರೆ.

ಇಂಥ ದೂರದೇಶದ ಮನುಷ್ಯನ ಚರಿತ್ರೆಯನ್ನು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವ ಅಗತ್ಯವೇನೆಂದು ವಾಚಕ ಮಹಾಶಯರು ಕೇಳಬಹುದು. ನನ್ನ ಊರು ನೆಲಮಂಗಲದ ಮಗ್ಗುಲಿನ ಅರಿಶಿನಕುಂಟೆ. ರಾಗಿ ಬೆಳೆಯುತ್ತಿದ್ದ ಹೊಲಗಳು ಹೆದ್ದಾರಿಗೂ ಗೋದಾಮುಗಳಿಗೂ ಬಡಾವಣೆಗಳಿಗೂ ಸೇರಿಹೋಗಿ, ಎಷ್ಟೋ ಮನೆಗಳಲ್ಲಿ ಭೂಮಿಯಿದ್ದ ಜಾಗದಲ್ಲಿ ಈಗ ಹಣ ಕುಳಿತಿದೆ. ಹಣವು ಭೂಮಿಯಂತೆ ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಮೊಬೈಲ್ ಫೋನಿನ ಗಾಜಿನ ಮೇಲೆ ಇನ್ಫೋಸಿಸ್, ವಿಪ್ರೋ ಮೊದಲಾದ ತಂತ್ರಜ್ಞಾನ ಕಂಪೆನಿಗಳ ಷೇರಿನ ಗೆರೆ ಏರಿಳಿಯುವುದನ್ನು ನೋಡುತ್ತ, ಇದು ತಲೆ ಮತ್ತು ಎರಡು ಭುಜ, ಇದು ಹಿಡಿಯಿರುವ ಬಟ್ಟಲು, ಇಲ್ಲಿಂದ ದೊಡ್ಡ ನೆಗೆತ ಬರುತ್ತದೆ ಎಂದು ಹೇಳುವ ತರುಣರು ಟೀ ಅಂಗಡಿಯ ಮುಂದೆಯೂ ಸಿಕ್ಕುತ್ತಾರೆ. ಈ ವಿದ್ಯೆಯ ಮೂಲಪುರುಷನು ಡೌ ಮಹಾಶಯನು. ಆತನು ಏನನ್ನು ಹೇಳಿದನು, ಏನನ್ನು ಹೇಳಲಿಲ್ಲ ಎಂಬುದನ್ನು ತಿಳಿದರೆ ಪ್ರಯೋಜನವುಂಟೆಂದು ನನ್ನ ಭಾವನೆ.

ಚಾರ್ಲ್ಸ್ ಹೆನ್ರಿ ಡೌ 1851ನೆಯ ಇಸವಿ ನವೆಂಬರ್ 6ರಂದು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಸ್ಟರ್ಲಿಂಗ್ ಎಂಬ ಹಳ್ಳಿಯ ಬಳಿ ಹುಟ್ಟಿದನು. ಕಲ್ಲು ತುಂಬಿದ ಬೆಟ್ಟದ ಸೀಮೆ, ಒಕ್ಕಲುತನ ಕಷ್ಟ. ಹುಡುಗನಿಗೆ ಆರು ವರ್ಷವಾಗಿದ್ದಾಗ ತಂದೆ ಕಾಲವಾದನು. ಓದು ಹಳ್ಳಿಯ ಶಾಲೆಯಷ್ಟಕ್ಕೇ ನಿಂತಿತು. ಹೊಟ್ಟೆಪಾಡಿಗಾಗಿ ಹಲವು ಕೆಲಸಗಳನ್ನು ಹಿಡಿದು ಬಿಟ್ಟು, 1872ರಲ್ಲಿ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಪತ್ರಿಕೆಯೊಂದರಲ್ಲಿ ವರದಿಗಾರನಾದನು. ಸ್ಯಾಮ್ಯುಯಲ್ ಬೌಲ್ಸ್ ಎಂಬ ಕಟ್ಟುನಿಟ್ಟಿನ ಸಂಪಾದಕನು ಅದನ್ನು ನಡೆಸುತ್ತಿದ್ದನು. ಹೇಳಬೇಕಾದುದನ್ನು ಕೆಲವೇ ಮಾತುಗಳಲ್ಲಿ ಹೇಳುವ ಶಿಕ್ಷಣ ಅಲ್ಲಿ ಆಯಿತು.

ಮೂರು ವರ್ಷಗಳ ಬಳಿಕ ಡೌ ಪ್ರಾವಿಡೆನ್ಸ್ ಎಂಬ ರೇವುಪಟ್ಟಣಕ್ಕೆ ಹೋದನು. ಅಲ್ಲಿ ಆತನ ಮನಸ್ಸು ಚರಿತ್ರೆಯ ಕಡೆಗೆ ತಿರುಗಿತು. ನ್ಯೂಯಾರ್ಕಿಗೂ ಪ್ರಾವಿಡೆನ್ಸಿಗೂ ನಡುವೆ ಓಡಾಡುತ್ತಿದ್ದ ಹೊಗೆಹಡಗುಗಳ ಇತಿಹಾಸವನ್ನು ಬರೆದು 1877ರಲ್ಲಿ ಪ್ರಕಟಿಸಿದನು. ಮೇಲ್ನೋಟಕ್ಕೆ ಇದು ಷೇರುಪೇಟೆಗೆ ಸಂಬಂಧಪಟ್ಟದ್ದಲ್ಲ. ಆದರೆ ಹೊಗೆಹಡಗು ಆ ಶತಮಾನದ ಹೊಸ ಯಂತ್ರ. ಹೊಸ ಯಂತ್ರ ಬಂದಾಗ ಮೊದಲು ಯಾರೂ ನಂಬುವುದಿಲ್ಲ, ಆಮೇಲೆ ಎಲ್ಲರೂ ಮುಗಿಬೀಳುತ್ತಾರೆ, ಪೈಪೋಟಿಯಲ್ಲಿ ದರಗಳು ಕುಸಿಯುತ್ತವೆ, ಕೊನೆಗೆ ಕೆಲವರು ಮಾತ್ರ ಉಳಿಯುತ್ತಾರೆ. ಹಡಗಿನ ಕಂಪೆನಿಗಳ ಹಳೆಯ ಕಡತಗಳನ್ನು ಮಗುಚಿದವನಿಗೆ ಈ ಏರಿಳಿತದ ಆಕಾರ ಕಣ್ಣಿಗೆ ಬೀಳದೆ ಇದ್ದೀತೆ?

1879ರಲ್ಲಿ ಕೊಲೊರಾಡೊ ಪ್ರಾಂತದ ಲೆಡ್‌ವಿಲ್ ಎಂಬಲ್ಲಿ ಬೆಳ್ಳಿಯ ಗಣಿಗಳ ಗದ್ದಲವೆದ್ದಿತು. ಹಣವಂತರ ತಂಡವೊಂದು ಅದನ್ನು ನೋಡಲು ಹೊರಟಾಗ ಡೌ ಮಹಾಶಯನೂ ಪತ್ರಿಕೆಯ ಪರವಾಗಿ ಜೊತೆಗೂಡಿದನು. ದಾರಿಯುದ್ದಕ್ಕೂ ಸಾಹುಕಾರರು ಒಬ್ಬರೊಡನೊಬ್ಬರು ಆಡುವ ಮಾತನ್ನು ಕೇಳುವ ಅವಕಾಶ ಆತನಿಗಾಯಿತು. ಹಣ ಹೂಡುವವರಿಗೆ ಯಾವ ಸಂಗತಿಗಳು ಬೇಕು ಎಂಬ ಅರಿವೂ ಆಯಿತು. ಅಲ್ಲಿಂದ ಆತನು ಬರೆದ ಪತ್ರಗಳಲ್ಲಿ ಗಣಿಯ ಆಳ, ಅದಿರಿನ ಗುಣ, ಖರ್ಚುವೆಚ್ಚ ಎಲ್ಲವೂ ಬಂದುವು. ಇದನ್ನು ಓದುವಾಗ ನಮ್ಮ ಕೋಲಾರದ ನೆನಪಾಗದೆ ಇರದು. ಅದೇ ಕಾಲದಲ್ಲಿ, 1880ರಲ್ಲಿ, ಮೈಸೂರು ಗಣಿ ಕಂಪೆನಿ ಲಂಡನ್ನಿನಲ್ಲಿ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಹೂಡಿದ ಹಣವೆಲ್ಲ ಕರಗುತ್ತ ಬಂದು, ಷೇರು ಕೇಳುವವರಿಲ್ಲದಂತಾಗಿ, ಇನ್ನು ಮುಚ್ಚಬೇಕೆನ್ನುವ ಹೊತ್ತಿಗೆ ಕ್ಯಾಪ್ಟನ್ ಪ್ಲಮರ್ ಎಂಬಾತನು ಇನ್ನಷ್ಟು ಆಳಕ್ಕೆ ಇಳಿದು ಚಾಂಪಿಯನ್ ಎಂಬ ಚಿನ್ನದ ಪದರವನ್ನು ಮುಟ್ಟಿದನು. ಆ ಷೇರಿನ ಗೆರೆಯನ್ನು ಯಾರಾದರೂ ಬರೆದಿಟ್ಟಿದ್ದರೆ ಅದರಲ್ಲಿ ಪ್ಲಮರನ ಗುದ್ದಲಿ ಮುಂಚಿತವಾಗಿ ಕಾಣಿಸುತ್ತಿತ್ತೆ? ಈ ಪ್ರಶ್ನೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

1880ರಲ್ಲಿ ಡೌ ನ್ಯೂಯಾರ್ಕಿಗೆ ಬಂದನು. ಕೀರ್ನನ್ ಎಂಬುವನ ವಾರ್ತಾಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಎಡ್ವರ್ಡ್ ಜೋನ್ಸ್ ಎಂಬ ಹಳೆಯ ಪರಿಚಯದವನೂ ಅಲ್ಲಿಗೆ ಬಂದನು. ಇಬ್ಬರ ಸ್ವಭಾವಗಳೂ ಬೇರೆ. ಡೌ ಎತ್ತರದ ಆಳು, ಕಪ್ಪು ಗಡ್ಡ, ಸ್ವಲ್ಪ ಬಾಗಿದ ಬೆನ್ನು, ಮಿತಭಾಷಿ. ನೋಡಿದವರಿಗೆ ಕಾಲೇಜಿನ ಅಧ್ಯಾಪಕನಂತೆ ಕಾಣುತ್ತಿದ್ದನಂತೆ. ಜೋನ್ಸನು ಚುರುಕಿನವನು, ಮುಂಗೋಪಿ, ಲೆಕ್ಕಪತ್ರವನ್ನು ಒಮ್ಮೆ ಕಣ್ಣಾಡಿಸಿ ಅದರ ಹುಳುಕನ್ನು ಹಿಡಿಯಬಲ್ಲವನು. 1882ರ ನವೆಂಬರಿನಲ್ಲಿ ಇವರಿಬ್ಬರೂ, ಚಾರ್ಲ್ಸ್ ಬರ್ಗ್‌ಸ್ಟ್ರೆಸರ್ ಎಂಬ ಮೂರನೆಯವನೂ ಸೇರಿ ಸ್ವಂತ ಕಂಪೆನಿ ತೆರೆದರು. ವಾಲ್ ಸ್ಟ್ರೀಟಿನ 15ನೆಯ ನಂಬರಿನ ಕಟ್ಟಡದಲ್ಲಿ, ಸೋಡಾ ಅಂಗಡಿಯೊಂದರ ಹಿಂದೆ, ನೆಲಮಾಳಿಗೆಯ ಒಂದು ಕೋಣೆ, ಅದೇ ಕಚೇರಿ. ಬರ್ಗ್‌ಸ್ಟ್ರೆಸರನ ಹೆಸರು ಉದ್ದವಾದುದರಿಂದ ಫಲಕದ ಮೇಲೆ ಬರಲಿಲ್ಲ. ಬಂಡವಾಳ ಹಾಕಿದವನ ಹೆಸರು ನಾಲಗೆಗೆ ತೊಡಕೆಂಬ ಕಾರಣಕ್ಕೆ ಚರಿತ್ರೆಯಿಂದ ಬಿದ್ದುಹೋದದ್ದು ವಿಚಿತ್ರವೇ ಸರಿ.

ಪೇಟೆಯ ಸುದ್ದಿಯನ್ನು ತೆಳು ಕಾಗದದ ಮೇಲೆ ಒತ್ತಿ ಬರೆದು ಒಮ್ಮೆಗೇ ಹಲವು ಪ್ರತಿಗಳನ್ನು ತೆಗೆದು, ಹುಡುಗರ ಕೈಲಿ ಕೊಟ್ಟು ದಲ್ಲಾಳಿಗಳ ಕಚೇರಿಗಳಿಗೆ ಓಡಿಸುವುದೇ ಅವರ ವ್ಯಾಪಾರ. ಮರುವರ್ಷ ಸಾಯಂಕಾಲದ ಒಂದು ಸುದ್ದಿಪತ್ರವನ್ನು ಪ್ರಾರಂಭಿಸಿದರು. ಅದರಲ್ಲಿ 1884ನೆಯ ಜುಲೈ 3ರಂದು ಡೌ ಮಹಾಶಯನು ಒಂದು ಹೊಸ ಪಟ್ಟಿಯನ್ನು ಅಚ್ಚು ಹಾಕಿಸಿದನು. ಹನ್ನೊಂದು ಕಂಪೆನಿಗಳ ಷೇರಿನ ಬೆಲೆಯನ್ನು ಕೂಡಿಸಿ ಹನ್ನೊಂದರಿಂದ ಭಾಗಿಸಿದ್ದನು, ಅಷ್ಟೇ. ಪ್ರಾಥಮಿಕ ಶಾಲೆಯ ಮಗುವೂ ಮಾಡಬಹುದಾದ ಲೆಕ್ಕ! ಆದರೆ ಅದುವರೆಗೆ ಪೇಟೆ ಒಟ್ಟಾರೆ ಏರಿತೇ ಇಳಿಯಿತೇ ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರವಿರಲಿಲ್ಲ. ಒಂದು ಷೇರು ಎರಡು ಡಾಲರು ಏರಿದರೆ ಮತ್ತೊಂದು ಮೂರು ಇಳಿಯುವುದು. ನೂರು ಮಂದಿಗೆ ನೂರು ಅಭಿಪ್ರಾಯ. ಸರಾಸರಿಯಲ್ಲಿ ಈ ಗೊಂದಲ ಒಂದನ್ನೊಂದು ಕಳೆದುಕೊಂಡು, ಎಲ್ಲ ಷೇರುಗಳಿಗೂ ಸಾಮಾನ್ಯವಾದ ಚಲನೆ ಮಾತ್ರ ಉಳಿಯುತ್ತದೆ.

ಆ ಹನ್ನೊಂದರಲ್ಲಿ ಒಂಬತ್ತು ರೈಲ್ವೆ ಕಂಪೆನಿಗಳು. ಉಳಿದೆರಡರಲ್ಲಿ ಒಂದು ಹೊಗೆಹಡಗಿನದು, ಇನ್ನೊಂದು ವೆಸ್ಟರ್ನ್ ಯೂನಿಯನ್ ಎಂಬ ತಂತಿ ಕಂಪೆನಿ. ರೈಲು, ಹೊಗೆಹಡಗು, ತಂತಿ: ಆ ಕಾಲದ ತಂತ್ರಜ್ಞಾನದ ಷೇರುಗಳೆಂದರೆ ಇವೇ. ಇಂದಿನ ಗಣಕಯಂತ್ರದ ಕಂಪೆನಿಗಳಿಗೆ ಯಾವ ಮೋಹವುಂಟೋ ಅಂದು ರೈಲ್ವೆಗೂ ಅದೇ ಮೋಹವಿತ್ತು. ದಿವಾಳಿಗಳೂ ಹಾಗೆಯೇ ಇದ್ದುವು. ಆದ್ದರಿಂದ ಡೌ ಸಿದ್ಧಾಂತವನ್ನು ಇಂದು ತಂತ್ರಜ್ಞಾನದ ಷೇರುಗಳಿಗೆ ಹಚ್ಚುವವರು ಹೊಸದೇನನ್ನೂ ಮಾಡುತ್ತಿಲ್ಲ.

ಪೇಟೆಯನ್ನು ಹೊರಗಿನಿಂದ ಮಾತ್ರ ನೋಡಿದವನಲ್ಲ ಡೌ. ರಾಬರ್ಟ್ ಗುಡ್‌ಬಾಡಿ ಎಂಬ ಐರ್ಲೆಂಡಿನ ಸ್ನೇಹಿತನಿಗೆ ಅಮೆರಿಕದ ಪೌರತ್ವ ದೊರೆಯುವತನಕ, ಅವರ ಕೂಡು ಕಂಪೆನಿಯ ಪರವಾಗಿ 1885ರಿಂದ 1891ರ ವರೆಗೆ ನ್ಯೂಯಾರ್ಕ್ ಷೇರುಪೇಟೆಯ ಸದಸ್ಯನಾಗಿದ್ದನು. ಅಂಗಳದ ಕೂಗಾಟ, ಗುಂಪುಕಟ್ಟಿ ಬೆಲೆ ಏರಿಸುವವರ ಸಂಚು, ಇವೆಲ್ಲ ಕಣ್ಣಾರೆ ಕಂಡ ಸಂಗತಿಗಳು.

1889ರ ಜುಲೈ 8ರಂದು ಸಾಯಂಕಾಲದ ಸುದ್ದಿಪತ್ರವೇ ನಾಲ್ಕು ಪುಟದ ವೃತ್ತಪತ್ರಿಕೆಯಾಗಿ ಹೊರಬಂದಿತು. ಬೆಲೆ ಎರಡು ಸೆಂಟು, ಹೆಸರು ವಾಲ್ ಸ್ಟ್ರೀಟ್ ಜರ್ನಲ್. ಆ ದಿನಗಳಲ್ಲಿ ದಲ್ಲಾಳಿಗಳಿಂದ ಕಾಸು ಪಡೆದು ಷೇರುಗಳನ್ನು ಹೊಗಳಿ ಬರೆಯುವ ಪತ್ರಕರ್ತರಿಗೆ ಬರವಿರಲಿಲ್ಲ. ಕಂಪೆನಿಗಳೂ ತಮ್ಮ ಆದಾಯವನ್ನು ಗುಟ್ಟಾಗಿಟ್ಟುಕೊಳ್ಳುತ್ತಿದ್ದುವು. ಡೌ ಮತ್ತು ಜೋನ್ಸರು ಆದಾಯ, ಸಾಲ, ಲಾಭಾಂಶಗಳ ಅಂಕಿಗಳನ್ನು ಹುಡುಕಿ ತಂದು ಅಚ್ಚು ಹಾಕಿದರು. ಬೆಲೆಯ ಗೆರೆಯನ್ನು ಕಂಡುಹಿಡಿದವನೆಂದು ಹೆಸರಾದವನು ತನ್ನ ಆಯುಷ್ಯದ ಬಹುಭಾಗವನ್ನು ಕಂಪೆನಿಗಳ ಲೆಕ್ಕಪತ್ರ ಓದುವುದರಲ್ಲಿ ಕಳೆದನೆಂಬುದನ್ನು ಇಂದಿನ ಆತನ ಭಕ್ತರು ಮರೆಯುತ್ತಾರೆ.

ಕ್ರಮೇಣ ರೈಲ್ವೆಯ ಜೊತೆಗೆ ಕಾರ್ಖಾನೆಗಳೂ ಬೆಳೆದುವು. 1896ನೆಯ ಮೇ 26ರಂದು ಹನ್ನೆರಡು ಕೈಗಾರಿಕಾ ಕಂಪೆನಿಗಳ ಬೇರೆ ಸರಾಸರಿ ಪ್ರಕಟವಾಯಿತು. ಸಕ್ಕರೆ, ಹೊಗೆಸೊಪ್ಪು, ಸೀಸ, ರಬ್ಬರು, ತೊಗಲು, ಅನಿಲ, ಕಲ್ಲಿದ್ದಲು, ಜೊತೆಗೆ ಜನರಲ್ ಎಲೆಕ್ಟ್ರಿಕ್. ಮೊದಲ ದಿನದ ಅಂಕಿ 40.94. ಅದೇ ವರ್ಷ ಆಗಸ್ಟ್ 8ರಂದು ಅದು 28.48ಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಅದು ಮತ್ತೆಂದೂ ಇಳಿಯಲಿಲ್ಲ. ನಮ್ಮ ಮುಂಬಯಿಯ ಸೆನ್ಸೆಕ್ಸ್ 1986ರಲ್ಲಿ ಹುಟ್ಟಿದ್ದೆಂಬುದನ್ನು ನೆನೆದರೆ ಡೌ ಎಷ್ಟು ಮುಂದೆ ನಡೆದಿದ್ದನೆಂದು ತಿಳಿಯುತ್ತದೆ.

ಇನ್ನು ಸಿದ್ಧಾಂತದ ವಿಚಾರ. ಡೌ ಮಹಾಶಯನು ಇದರ ಬಗ್ಗೆ ಪುಸ್ತಕ ಬರೆಯಲಿಲ್ಲ. 1899ರಿಂದ 1902ರ ವರೆಗೆ ತನ್ನ ಪತ್ರಿಕೆಯಲ್ಲಿ ಬರೆದ ಸಂಪಾದಕೀಯಗಳಲ್ಲಿ ಅಲ್ಲೊಂದು ಇಲ್ಲೊಂದು ಮಾತಾಗಿ ಅದು ಚದುರಿಕೊಂಡಿದೆ. ಪೇಟೆಯಲ್ಲಿ ಏಕಕಾಲದಲ್ಲಿ ಮೂರು ಚಲನೆಗಳಿರುತ್ತವೆ: ದಿನದಿನದ ಅಲುಗಾಟ ಒಂದು, ವಾರಗಳೋ ತಿಂಗಳುಗಳೋ ನಡೆಯುವ ಮಧ್ಯಮ ಚಲನೆ ಇನ್ನೊಂದು, ವರ್ಷಗಳ ಕಾಲ ನಡೆಯುವ ಮಹಾಚಲನೆ ಮೂರನೆಯದು. ಇದನ್ನು ವಿವರಿಸಲು ಆತನು ಸಮುದ್ರದ ಉಬ್ಬರವಿಳಿತದ ದೃಷ್ಟಾಂತವನ್ನು ಕೊಟ್ಟನು. ನಮಗೆ ಸಮುದ್ರ ದೂರ. ಆದರೆ ನಮ್ಮೂರಿನ ಹೆಸರಿನಲ್ಲೇ ಕುಂಟೆಯಿದೆ. ಮಳೆಗಾಲದಲ್ಲಿ ಕೆರೆಗೆ ನೀರು ಬರುತ್ತಿದೆಯೋ ತೂಬಿನಿಂದ ಹೋಗುತ್ತಿದೆಯೋ ಎಂಬುದನ್ನು ಗಾಳಿಗೆ ಏಳುವ ಅಲೆಗಳನ್ನು ನೋಡಿ ಹೇಳಲಾಗದು. ಮೆಟ್ಟಿಲಿನ ಕಲ್ಲುಗಳ ಮೇಲೆ ಗುರುತಿಡಬೇಕು. ಪ್ರತಿಸಲದ ಅಲೆ ಹಿಂದಿನ ಗುರುತನ್ನು ದಾಟುತ್ತಿದ್ದರೆ, ಹಿಂದೆ ಸರಿದಾಗಲೂ ಹಳೆಯ ತಳಕ್ಕಿಂತ ಮೇಲೆಯೇ ನಿಲ್ಲುತ್ತಿದ್ದರೆ, ನೀರು ಏರುತ್ತಿದೆ. ಶಿಖರವೂ ತಳವೂ ಎರಡೂ ಕೆಳಕೆಳಗೆ ಬರತೊಡಗಿದರೆ ಇಳಿಯುತ್ತಿದೆ.

ಇನ್ನೊಂದು ಸೂತ್ರವನ್ನು ಆತನ ಅನುಯಾಯಿಗಳು ಬೆಳೆಸಿದರು. ಕಾರ್ಖಾನೆಯ ಸರಾಸರಿ ಏರಿದರೆ ಸಾಲದು, ರೈಲ್ವೆಯ ಸರಾಸರಿಯೂ ಏರಿ ಸಾಕ್ಷಿ ಹೇಳಬೇಕು. ಮಾಡಿದ ಸರಕು ಮಾರಾಟವಾದರೆ ಸಾಗಣೆಯೂ ಆಗಲೇಬೇಕಲ್ಲವೆ? ನೆಲಮಂಗಲದ ಹೆದ್ದಾರಿಯಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾಬಸ್‌ಪೇಟೆಯ ಕಾರ್ಖಾನೆಗಳು ಹಗಲಿರುಳು ನಡೆಯುತ್ತಿವೆಯೆಂದು ಯಾರಾದರೂ ಹೇಳಿ, ಲಾರಿಗಳು ಮಾತ್ರ ಖಾಲಿ ನಿಂತಿದ್ದರೆ, ಆ ಮಾತನ್ನು ನಾವು ನಂಬುತ್ತೇವೆಯೆ?

ಈ ಸೂತ್ರ ತಂತ್ರಜ್ಞಾನದ ಷೇರುಗಳಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಒಂದು ಉದಾಹರಣೆ. ಅಮೆರಿಕದ ನಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್ 10ರಂದು 5,048 ಮುಟ್ಟಿತು. ಮೇ ತಿಂಗಳಲ್ಲಿ 3,200ಕ್ಕೂ ಕೆಳಗೆ ಬಿದ್ದಿತು. ಜುಲೈಯಲ್ಲಿ ಪುನಃ ಎದ್ದಿತಾದರೂ 4,300 ಮುಟ್ಟದೆ ತಿರುಗಿತು. ಎಂದರೆ ಶಿಖರ ತಗ್ಗಿತು. ಅಕ್ಟೋಬರಿನಲ್ಲಿ ಮೇ ತಿಂಗಳ ತಳವನ್ನೂ ಒಡೆದುಕೊಂಡು ಕೆಳಗಿಳಿಯಿತು, ತಳವೂ ತಗ್ಗಿತು. ಡೌ ಸೂತ್ರದಂತೆ ಮಹಾಚಲನೆ ತಿರುಗಿತೆಂದು ಸಾರುವ ಗಳಿಗೆ ಇದು. ಆಗ ಸೂಚ್ಯಂಕ ಸುಮಾರು 3,100ರಲ್ಲಿತ್ತು. ಎರಡು ವರ್ಷಗಳ ಬಳಿಕ, 2002ರ ಅಕ್ಟೋಬರ್ 9ರಂದು, ಅದು 1,114ಕ್ಕೆ ಬಂದಿತು. ಸೂತ್ರವನ್ನು ಪಾಲಿಸಿದವನು 5,048ರಿಂದ 3,100ರ ವರೆಗಿನ ನಷ್ಟವನ್ನು ತಪ್ಪಿಸಿಕೊಳ್ಳಲಾರನು. 3,100ರಿಂದ 1,114ರ ವರೆಗಿನ ನಷ್ಟವನ್ನು ತಪ್ಪಿಸಿಕೊಂಡನು. ಡೌ ಕೊಟ್ಟದ್ದು ಇಷ್ಟು. ಶಿಖರದ ದಿನವನ್ನು ಮುಂಚಿತವಾಗಿ ತೋರಿಸುವ ಅಂಜನವನ್ನು ಆತನು ಕೊಡಲಿಲ್ಲ.

ಒಂಟಿ ಷೇರಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ನಮ್ಮ ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ 95 ರೂಪಾಯಿಗೆ ಷೇರು ಕೊಟ್ಟು, ಅದೇ ಜೂನಿನಲ್ಲಿ 145 ರೂಪಾಯಿಗೆ ಪೇಟೆಯನ್ನು ಪ್ರವೇಶಿಸಿತು. ಆಮೇಲಿನ ಏಳಿಗೆ ಎಲ್ಲರಿಗೂ ಗೊತ್ತಿದೆ. ಆದರೆ 2003ರ ಏಪ್ರಿಲ್ 10ರಂದು, ಮುಂದಿನ ವರ್ಷದ ಆದಾಯದ ಅಂದಾಜನ್ನು ಕಂಪೆನಿ ಹೇಳಿದೊಡನೆ, ಷೇರು ಒಂದೇ ದಿನದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. 2013ರ ಏಪ್ರಿಲ್ 12ರಂದು ಐದರಲ್ಲಿ ಒಂದು ಭಾಗಕ್ಕೂ ಮೀರಿ ಮತ್ತೆ ಕುಸಿಯಿತು. ಆಡಳಿತ ಮಂಡಲಿಯ ಕೋಣೆಯೊಳಗಿರುವ ಕಾಗದ ಹೊರಗಿನ ಗೆರೆಯಲ್ಲಿ ಕಾಣದು. ಪ್ಲಮರನ ಗುದ್ದಲಿಯ ಪ್ರಶ್ನೆಗೂ ಇದೇ ಉತ್ತರ. ಡೌ ತನ್ನ ಸೂತ್ರವನ್ನು ಸರಾಸರಿಗೆ ಕಟ್ಟಿದ್ದಕ್ಕೆ ಕಾರಣವಿದೆ. ಒಂದು ಷೇರನ್ನು ನಾಲ್ಕು ಮಂದಿ ಸೇರಿ ಕುಣಿಸಬಹುದು; ಇಪ್ಪತ್ತನ್ನು ಒಟ್ಟಿಗೆ ಕುಣಿಸುವುದು ಕಷ್ಟ. ಬೆಲೆಗಳನ್ನು ಪುಸ್ತಕದಲ್ಲಿ ಒಂದೊಂದು ಅಂಶವಾಗಿ ಗುರುತುಹಾಕಿ ಒಂಟಿ ಷೇರಿನ ಭವಿಷ್ಯ ನೋಡುವ ಪದ್ಧತಿ ಆತನ ಕಾಲದಲ್ಲೇ ಇತ್ತು. ಅದರ ಪ್ರಸ್ತಾಪ ಆತನ ಲೇಖನಗಳಲ್ಲಿ ಬರುತ್ತದೆ. ತಲೆ, ಭುಜ, ತ್ರಿಕೋನಗಳ ವಿಸ್ತಾರವಾದ ಶಾಸ್ತ್ರವೆಲ್ಲ ಆತನ ತರುವಾಯ ಬಂದದ್ದು. ಮೇಣದಬತ್ತಿಯ ಆಕಾರದ ಗುರುತುಗಳಂತೂ ಜಪಾನಿನ ಅಕ್ಕಿ ವ್ಯಾಪಾರದಿಂದ ಬಂದವು.

ಮೊಬೈಲ್ ಫೋನಿನ ಮೇಲೆ ನಮ್ಮ ತರುಣರು ನೋಡುವುದು ಐದೈದು ನಿಮಿಷದ ಗೆರೆ. ಡೌ ಅತ್ಯಂತ ಅಲ್ಪವೆಂದೆಣಿಸಿದ ದಿನದ ಅಲುಗಾಟಕ್ಕಿಂತಲೂ ಅದು ಅಲ್ಪ. ಸೆಬಿ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ವರದಿಯಂತೆ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಷೇರಿನ ಮುಂಗಡ ಮತ್ತು ಆಯ್ಕೆಯ ಕರಾರುಗಳಲ್ಲಿ ವ್ಯವಹರಿಸಿದ ಸುಮಾರು ಒಂದು ಕೋಟಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟಪಟ್ಟರು; ತಲಾ ನಷ್ಟ ಸರಾಸರಿ ಎರಡು ಲಕ್ಷ ರೂಪಾಯಿ. ಒಂದು ಎಕರೆ ರಾಗಿ ಹೊಲದಲ್ಲಿ ಎರಡು ಲಕ್ಷ ಹುಟ್ಟಬೇಕಾದರೆ ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಬಲ್ಲ ಹಿರಿಯರು ನಮ್ಮೂರಿನಲ್ಲಿ ಇನ್ನೂ ಇದ್ದಾರೆ. ಅವರ ಮಕ್ಕಳೇ ಈ ಕರಾರುಗಳಿಗೆ ಕೈಹಾಕುತ್ತಿರುವವರು.

ಜೋನ್ಸನು 1899ರಲ್ಲಿ ಕಂಪೆನಿಯನ್ನು ಬಿಟ್ಟನು. ಡೌ ಮಹಾಶಯನ ಆರೋಗ್ಯವೂ ಕೆಡುತ್ತ ಬಂದಿತು. 1902ರಲ್ಲಿ ಕಂಪೆನಿಯನ್ನು ಬಾಸ್ಟನ್ನಿನ ಕ್ಲಾರೆನ್ಸ್ ಬ್ಯಾರನ್ ಎಂಬುವನಿಗೆ 1,30,000 ಡಾಲರಿಗೆ ಮಾರಲಾಯಿತು. ಅದೇ ವರ್ಷ ಡಿಸೆಂಬರ್ 4ರಂದು ಡೌ ಬ್ರೂಕ್ಲಿನ್ನಿನ ತನ್ನ ಮನೆಯಲ್ಲಿ ತೀರಿಕೊಂಡನು. ಪೇಟೆಯ ಏರಿಳಿತದಲ್ಲಿ ಕುಬೇರರಾದವರನ್ನು ದಿನವೂ ಕಂಡಿದ್ದ ಈತನು ತಾನು ಕುಬೇರನಾಗಲಿಲ್ಲ.

ಆತನ ಮಾತುಗಳಿಗೆ ಡೌ ಸಿದ್ಧಾಂತವೆಂಬ ಹೆಸರು ಕಟ್ಟಿದವನು ನೆಲ್ಸನ್ ಎಂಬ ಬರಹಗಾರ, ಅದೂ ಆತನ ಮರಣದ ಹೊತ್ತಿಗೆ. ಆತನ ಪತ್ರಿಕೆಯಲ್ಲೇ ಕೆಲಸಮಾಡಿದ ವಿಲಿಯಂ ಪೀಟರ್ ಹ್ಯಾಮಿಲ್ಟನ್ 1922ರಲ್ಲಿ ಅದನ್ನು ಪುಸ್ತಕರೂಪದಲ್ಲಿ ವಿಸ್ತರಿಸಿದನು. 1929ರ ಅಕ್ಟೋಬರ್ 25ರಂದು, ಮಹಾಪತನದ ನಡುವೆ, ಏರಿಕೆಯ ಕಾಲ ಮುಗಿಯಿತೆಂದು ಬರೆದು, ಆ ಡಿಸೆಂಬರಿನಲ್ಲಿ ತೀರಿಕೊಂಡನು. ಆಲ್ಫ್ರೆಡ್ ಕೋಲ್ಸ್ ಎಂಬ ಅರ್ಥಶಾಸ್ತ್ರಜ್ಞನು ಹ್ಯಾಮಿಲ್ಟನ್ನನ ಸಂಪಾದಕೀಯಗಳನ್ನೆಲ್ಲ ತೂಗಿನೋಡಿ, ಅವುಗಳಂತೆ ನಡೆದವನಿಗೆ ವರ್ಷಕ್ಕೆ ನೂರಕ್ಕೆ 12ರಷ್ಟೂ, ಷೇರು ಕೊಂಡು ಸುಮ್ಮನಿದ್ದವನಿಗೆ 15.5ರಷ್ಟೂ ಲಾಭವೆಂದು 1933ರಲ್ಲಿ ತೀರ್ಪು ಕೊಟ್ಟನು. 1998ರಲ್ಲಿ ಬ್ರೌನ್, ಗೆಟ್ಸ್‌ಮನ್, ಕುಮಾರ್ ಎಂಬ ಮೂವರು ವಿದ್ವಾಂಸರು ಅದೇ ಬರಹಗಳನ್ನು ಮರುಪರೀಕ್ಷೆ ಮಾಡಿ, ಲಾಭ ಕಡಮೆಯಾದರೂ ಅಪಾಯವೂ ಕಡಮೆಯಾಗಿತ್ತು, ಅದನ್ನು ಲೆಕ್ಕಕ್ಕೆ ಹಿಡಿದರೆ ಹ್ಯಾಮಿಲ್ಟನ್ನನದೇ ಮೇಲುಗೈ ಎಂದರು. ನನಗೆ ಈ ಎರಡನೆಯ ತೀರ್ಪು ಹೆಚ್ಚು ನ್ಯಾಯವಾದದ್ದೆಂದು ತೋರುತ್ತದೆ. ಏರಿಕೆಯಲ್ಲಿ ಸ್ವಲ್ಪ ಹಿಂದೆ ಬಿದ್ದವನು ಬದುಕುತ್ತಾನೆ. ಪತನದಲ್ಲಿ ಸಿಕ್ಕಿಬಿದ್ದವನು ಮನೆಯನ್ನು ಮಾರುತ್ತಾನೆ.

ಬೆಂಗಳೂರಿಗೂ ತನ್ನದೇ ಷೇರುಪೇಟೆ 1963ರಿಂದ ಇತ್ತು. 2014ರಲ್ಲಿ ಅದು ಮುಚ್ಚಿತು. ಡೌ ಆರಿಸಿದ ಹನ್ನೆರಡು ಕೈಗಾರಿಕಾ ಕಂಪೆನಿಗಳಲ್ಲಿ ಕೊನೆಯವರೆಗೆ ಉಳಿದಿದ್ದ ಜನರಲ್ ಎಲೆಕ್ಟ್ರಿಕ್ 2018ರ ಜೂನಿನಲ್ಲಿ ಪಟ್ಟಿಯಿಂದ ಹೊರಬಿದ್ದಿತು. 2024ರ ನವೆಂಬರಿನಲ್ಲಿ ಇಂಟೆಲ್ ಹೋಗಿ ಎನ್ವಿಡಿಯಾ ಬಂದಿತು. ನನ್ನ ಮಿತ್ರರು ಹೇಳಿದ ಆ ರಾಸಾಯನಿಕ ಕಂಪೆನಿಯಾದ ಡೌ ಕೂಡ ಅದೇ ದಿನ ಡೌ ಸರಾಸರಿಯಿಂದ ಹೊರಗೆ ಹೋಯಿತು.